ನೆಗಡಿಯ ವಾರ: ಲೋಟಕ್ಕೇನು, ತಟ್ಟೆಗೇನು

ನೆಗಡಿ ಹಿಡಿದಿದೆ ಎಂದು ಗೊತ್ತಾದರೆ ಸಾಕು, ಎದುರಾದವರೆಲ್ಲ ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ. ಮೊಸರು ಮುಟ್ಟಬೇಡ, ಬಾಳೆಹಣ್ಣು ಬೇಡ, ಸೌತೆಕಾಯಿ ಕಡೆ ನೋಡಲೇಬೇಡ, ಹಾಲು ಕುಡಿದರೆ ಕಫ. ಅವರ ಮಾತನ್ನೆಲ್ಲ ಪಾಲಿಸಿದರೆ ಕೊನೆಗೆ ಉಳಿಯುವುದು ಬಿಸಿನೀರು, ಎರಡು ತುಂಡು ಬ್ರೆಡ್ಡು. ನನ್ನ ಅನುಭವದಲ್ಲಿ ನೆಗಡಿಗಿಂತ ಈ ಪಥ್ಯವೇ ಹೆಚ್ಚು ಸುಸ್ತು ಮಾಡುತ್ತದೆ. ಹಾಗಾಗಿ ಇಲ್ಲಿ 'ಬೇಡ'ಗಳು ಕಡಿಮೆ, 'ಬೇಕು'ಗಳು ಹೆಚ್ಚು.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ರೈನೋವೈರಸ್ ಗುಂಪಿನದ್ದೇ ದೊಡ್ಡ ಪಾಲು. ಇವನ್ನು ಕೊಲ್ಲುವ ಕಷಾಯವೂ ಇಲ್ಲ, ಸಾರೂ ಇಲ್ಲ, ಹಣ್ಣೂ ಇಲ್ಲ. ಆಂಟಿಬಯೋಟಿಕ್ ಮಾತ್ರೆ ವೈರಸ್ಸಿಗೆ ನಾಟುವುದೇ ಇಲ್ಲ. ಏಳರಿಂದ ಹತ್ತು ದಿನದಲ್ಲಿ ದೇಹವೇ ಆ ಕೆಲಸ ಮುಗಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಗಂಟಲಿನ ಕೆರೆತ ತಗ್ಗಬೇಕು, ಕಫ ನೀರಾಗಬೇಕು, ರಾತ್ರಿ ನಿದ್ದೆ ಹತ್ತಬೇಕು, ಮೈಯಲ್ಲಿ ತ್ರಾಣ ಉಳಿಯಬೇಕು. ಈ ನಾಲ್ಕರಲ್ಲಿ ಒಂದಕ್ಕಾದರೂ ಒದಗುವ ಊಟ ಒಳ್ಳೆಯ ಊಟ. ಯಾವುದಕ್ಕೂ ಒದಗದಿದ್ದರೆ, ಅದು ಎಷ್ಟೇ ಹೆಸರುವಾಸಿ ಮನೆಮದ್ದಾಗಿರಲಿ, ನಾನಂತೂ ಅದಕ್ಕಾಗಿ ಒಲೆ ಹಚ್ಚುವುದಿಲ್ಲ.

ಮೊದಲ ಸಂಜೆ: ಗಂಟಲು ಕೆರೆಯಲು ಶುರುವಾದಾಗ

ಸಂಜೆ ಹೊತ್ತಿಗೆ ಗಂಟಲಲ್ಲಿ ಏನೋ ಚುಚ್ಚಿದ ಹಾಗೆ, ನಾಲ್ಕು ಸೀನು, ಕಣ್ಣು ಭಾರ. ಆಗ ಮಾಡಬೇಕಾದ ಮೊದಲ ಕೆಲಸ ಫ್ಲಾಸ್ಕ್ ತೊಳೆದು ಬಿಸಿನೀರು ತುಂಬಿಸಿ ಹಾಸಿಗೆಯ ಪಕ್ಕ ಇಟ್ಟುಕೊಳ್ಳುವುದು. ನೀರು ಎದ್ದು ಹೋಗಿ ಕುಡಿಯುವಷ್ಟು ದೂರದಲ್ಲಿದ್ದರೆ ನೆಗಡಿ ಹಿಡಿದ ಮನುಷ್ಯ ಕುಡಿಯುವುದಿಲ್ಲ.

ಎಷ್ಟು ಕುಡಿಯಬೇಕು? ದಿನಕ್ಕೆ ನಾಲ್ಕು ಲೀಟರ್ ಎಂದು ಹಟ ಹಿಡಿಯಬೇಕಿಲ್ಲ. ಎಚ್ಚರವಿರುವಾಗ ಒಂದೂವರೆ, ಎರಡು ಗಂಟೆಗೊಮ್ಮೆ ಒಂದು ಲೋಟ ಸಾಕು. ಜ್ವರವಿದ್ದರೆ ಸ್ವಲ್ಪ ಹೆಚ್ಚು. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿಯಾಗಿ ಕುಡಿಯುತ್ತಿದ್ದೀರಿ ಎಂದರ್ಥ, ಕಡು ಹಳದಿಯಾಗಿದ್ದರೆ ಇನ್ನೊಂದು ಲೋಟ. ಹೃದಯ ಅಥವಾ ಕಿಡ್ನಿಯ ತೊಂದರೆಯಿಂದ ನೀರಿಗೆ ಮಿತಿ ಇರುವವರು ವೈದ್ಯರು ಹೇಳಿದ ಅಳತೆ ದಾಟಬಾರದು.

ಬಿಸಿಯೇ ಯಾಕೆ? ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. 2008ರಲ್ಲಿ ಅಲ್ಲಿಯವರು ನೆಗಡಿ ಹಿಡಿದ 30 ಮಂದಿಗೆ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಕೋಣೆಯ ತಾಪದಲ್ಲೇ ಕೊಟ್ಟು ನೋಡಿದರು. ಮೂಗಿನ ಮೂಲಕ ಹೋಗುವ ಗಾಳಿಯ ಪ್ರಮಾಣದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಬಿಸಿ ಕುಡಿದವರಿಗೆ ಮೂಗು ಸೋರುವುದು, ಕೆಮ್ಮು, ಸೀನು, ಗಂಟಲು ನೋವು, ಚಳಿ, ಆಯಾಸ ಎಲ್ಲವೂ ಹಗುರವೆನಿಸಿತು. ಅಂದರೆ ಲೋಟದಲ್ಲಿ ಯಾವ ಬೇರು, ಯಾವ ಸೊಪ್ಪು ಎಂಬುದಕ್ಕಿಂತ ಮೊದಲು ಅದು ಹಿತವಾಗಿ ಬಿಸಿ ಇದೆಯೇ ಎಂದು ನೋಡಿ. ನಾಲಿಗೆ ಸುಡುವಷ್ಟಲ್ಲ, ಗುಟುಕು ಗುಟುಕಾಗಿ ಕುಡಿಯಬಲ್ಲಷ್ಟು.

ಮಲಗುವ ಮೊದಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಉಗುಳಬೇಕು, ನುಂಗಬಾರದು.

ಕಾಫಿ, ಚಹಾ ಬಿಡಬೇಕೇ ಎಂದು ಕೇಳುವವರಿದ್ದಾರೆ. ಬಿಡಬೇಕಿಲ್ಲ. ಕಾಫಿಯಲ್ಲಿರುವ ನೀರೂ ನೀರೇ. ದಿನಾ ಕುಡಿಯುವವರು ಹಠಾತ್ತಾಗಿ ನಿಲ್ಲಿಸಿದರೆ ತಲೆನೋವು ಬೇರೆ ಸೇರಿಕೊಳ್ಳುತ್ತದೆ. ಸಂಜೆ ನಾಲ್ಕರ ನಂತರ ಮಾತ್ರ ಬೇಡ, ನಿದ್ದೆ ಕೆಡುತ್ತದೆ.

ಕಷಾಯ, ಅದರ ಮಿತಿಯೊಳಗೆ

ಮಲೆನಾಡಿನ ಮನೆಗಳಲ್ಲಿ ಕಷಾಯದ ಪುಡಿಯ ಡಬ್ಬಿ ಕಾಫಿಪುಡಿಯ ಪಕ್ಕದಲ್ಲೇ ಇರುತ್ತದೆ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಕಾಳುಮೆಣಸು ಒಂದು ಪಾಲು, ಮೆಂತ್ಯ ಅರ್ಧ ಪಾಲು, ಒಂದು ತುಂಡು ಒಣಶುಂಠಿ. ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿಸಿ, ಪುಡಿ ಮಾಡಿಟ್ಟುಕೊಳ್ಳಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ. ಐದು ನಿಮಿಷ ಕುದಿಸಿ, ಬೇಕಿದ್ದರೆ ಕಾಲು ಲೋಟ ಹಾಲು ಹಾಕಿ ಸೋಸಿ. ಪ್ರತಿ ಮನೆಯ ಅಳತೆಯೂ ಬೇರೆ. ನಿಮ್ಮ ಅಜ್ಜಿಯದ್ದು ಇದಕ್ಕಿಂತ ಬೇರೆಯಾಗಿದ್ದರೆ ಅದನ್ನೇ ಮಾಡಿ, ಜಗಳವಿಲ್ಲ.

ಖಾರವಾದಷ್ಟೂ ಒಳ್ಳೆಯದು ಎಂದುಕೊಂಡರೆ ಮಾತ್ರ ಕೆಟ್ಟಿರಿ. ಒಮ್ಮೆ ನಾನು ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಮೆಣಸು ಜಜ್ಜಿ ಹಾಕಿದ ಕಷಾಯ ಕುಡಿದೆ. ಮೂಗು ಬಿಟ್ಟುಕೊಂಡಿತು, ನಿಜ. ಆಮೇಲೆ ಮೂರು ದಿನ ಎದೆ ಉರಿ ಕಾಡಿತು. ದಿನಕ್ಕೆ ಎರಡು ಲೋಟ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಅಷ್ಟು ಸಾಕು.

ಜ್ಯೇಷ್ಠಮಧು, ಅಂದರೆ ಅತಿಮಧುರ, ಗಂಟಲಿಗೆ ಹಿತ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವವರು ಆ ಬೇರನ್ನು ಬಾಯಲ್ಲಿಟ್ಟುಕೊಂಡು ದಿನಗಟ್ಟಲೆ ಚಪ್ಪರಿಸುವುದು ಬೇಡ.

ಎರಡನೇ, ಮೂರನೇ ದಿನ: ಮೆಣಸಿನ ಸಾರಿನ ಕಾಲ

ಈ ಎರಡು ದಿನ ನೆಗಡಿಯ ಉಚ್ಛ್ರಾಯ. ಮೂಗು ಪೂರ್ತಿ ಕಟ್ಟಿರುತ್ತದೆ, ಬಾಯಿಗೆ ರುಚಿ ಇರುವುದಿಲ್ಲ. ನಿಜವಾಗಿ ಕೆಟ್ಟಿರುವುದು ನಾಲಿಗೆಯಲ್ಲ. ಉಪ್ಪು, ಹುಳಿ, ಸಿಹಿ, ಕಹಿ ಈಗಲೂ ನಾಲಿಗೆಗೆ ತಿಳಿಯುತ್ತವೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಪರಿಮಳ. ಅದು ಬಾಯಿಯ ಹಿಂಬದಿಯಿಂದ ಮೂಗಿಗೇರಬೇಕು, ಈಗ ಆ ದಾರಿ ಮುಚ್ಚಿದೆ. ಅದಕ್ಕೇ ಉಪ್ಪಿಟ್ಟು ಮರಳಿನಂತೆ, ಚಪಾತಿ ಕಾಗದದಂತೆ. ಖಾರ ಮಾತ್ರ ಪರಿಮಳವೂ ಅಲ್ಲ, ನಾಲಿಗೆಯ ರುಚಿಯೂ ಅಲ್ಲ. ಅದು ಉರಿ ಮತ್ತು ನೋವನ್ನು ತಿಳಿಸುವ ನರದ ಮೂಲಕ ತಲುಪುತ್ತದೆ, ಅದೇ ನರ ಮೂಗಿನಲ್ಲಿ ನೀರೂ ಬರಿಸುತ್ತದೆ. ಹುಳಿ, ಉಪ್ಪು, ಖಾರ ಮೂರೂ ಸೇರಿದ, ಬಿಸಿಯಾದ, ತೆಳ್ಳಗಿನ ಪದಾರ್ಥ ಯಾವುದು? ಸಾರು. ನರದ ವಿಚಾರ ಗೊತ್ತಿಲ್ಲದೆಯೇ ನಮ್ಮ ಹಿರಿಯರು ಸರಿಯಾದ ಜಾಗಕ್ಕೆ ಬಂದು ನಿಂತಿದ್ದರು.

ಮೂವರಿಗೆ ಆಗುವಷ್ಟು ಹೀಗೆ ಮಾಡಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಹಾಕಿ. ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಸಿಪ್ಪೆ ಸಮೇತ ಆರು ಎಸಳು ಬೆಳ್ಳುಳ್ಳಿ, ಇಷ್ಟನ್ನು ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿ. ಮಿಕ್ಸಿಗೆ ಹಾಕಿದರೆ ನುಣ್ಣಗಾಗಿ ಸಾರು ಮಂದವಾಗುತ್ತದೆ. ಪಾತ್ರೆಗೆ ಹುಣಸೆರಸ, ಕಿವುಚಿದ ಒಂದು ಟೊಮೆಟೊ, ಕಾಲು ಚಮಚ ಅರಿಶಿನ, ಉಪ್ಪು, ಎರಡು ಲೋಟ ನೀರು ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಈಗ ಒಂದು ಲೋಟ ತೊಗರಿಬೇಳೆಯ ಕಟ್ಟು ಸೇರಿಸಿ. ಬರೀ ಹುಣಸೆ ನೀರಿನ ಸಾರಿಗಿಂತ ಇದು ಹೊಟ್ಟೆಗೆ ಮೃದು, ಜೊತೆಗೆ ಸ್ವಲ್ಪ ಪ್ರೋಟೀನೂ ಸಿಗುತ್ತದೆ. ಕೊನೆಗೆ ಜಜ್ಜಿದ್ದನ್ನು ಹಾಕಿ, ಒಂದು ಕುದಿ ಉಕ್ಕಿ ಬರುತ್ತಿದ್ದಂತೆ ಇಳಿಸಿ. ಹೆಚ್ಚು ಕುದಿಸಿದರೆ ಘಮವೆಲ್ಲ ಅಡುಗೆಮನೆಯ ಕಿಟಕಿಯಿಂದ ಆಚೆ ಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಮೊದಲ ಲೋಟ ಹಾಗೆಯೇ ಕುಡಿಯಲು, ಎರಡನೆಯದು ಮೆತ್ತಗಿನ ಅನ್ನಕ್ಕೆ.

ರುಚಿ ತಿಳಿಯುತ್ತಿಲ್ಲವೆಂದು ಮೇಲಿಂದ ಉಪ್ಪು ಸುರಿದುಕೊಳ್ಳುವುದು ಮೂಗು ಕಟ್ಟಿದವರೆಲ್ಲ ಮಾಡುವ ತಪ್ಪು. ಉಪ್ಪಿನ ಬದಲು ನಿಂಬೆರಸ ಹಿಂಡಿಕೊಳ್ಳಿ.

ಅರಿಶಿನ, ಮೆಣಸಿನ ಜೋಡಿಯ ಬಗ್ಗೆ ನಮ್ಮ ಬೆಂಗಳೂರಿನಿಂದಲೇ ಬಂದ ಒಂದು ಸಂಗತಿ ಇದೆ. ಅರಿಶಿನದ ಕರ್ಕ್ಯುಮಿನ್ ಅನ್ನು ಒಂಟಿಯಾಗಿ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ದೇಹಕ್ಕೆ ಒದಗುವ ಪ್ರಮಾಣ 20 ಪಟ್ಟು ಏರಿತು. ಜಗತ್ತಿನಾದ್ಯಂತ ಅರಿಶಿನದ ಮಾತ್ರೆಗಳಲ್ಲಿ ಮೆಣಸಿನ ಸಾರ ಸೇರಿಸುವವರು ತೋರಿಸುವುದು ಇದನ್ನೇ. ಆದರೆ ನೆಗಡಿ ವಾಸಿಯಾಯಿತು ಎಂದು ಆ ಅಧ್ಯಯನ ಹೇಳಲಿಲ್ಲ. ಅಲ್ಲದೆ ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಸಾರಿನ ಕಾಲು ಚಮಚದಲ್ಲಿ 2 ಗ್ರಾಂ ಹುಡುಕಲು ಹೋಗಬೇಡಿ. ಇನ್ನೊಂದು ಮಾತು: ಇದೇ ಪೈಪರಿನ್ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಸಾರಿನಲ್ಲಿನ ಮೆಣಸಿಗೆ ಹೆದರಬೇಕಿಲ್ಲ. ಮಾತ್ರೆ ರೂಪದ ಅರಿಶಿನ-ಮೆಣಸನ್ನು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರಿದೆ, ಕಾಲು ಸೂಪಿದೆ, ಮಲೆನಾಡಿನಲ್ಲಾದರೆ ಮಳೆಗಾಲದ ಗದ್ದೆ ಏಡಿಯ ಸಾರಿದೆ. 1978ರಲ್ಲಿ ಅಮೆರಿಕದ ಫ್ಲಾರಿಡಾದ ವೈದ್ಯರು ಬಿಸಿ ಕೋಳಿ ಸೂಪ್ ಕುಡಿದವರ ಮೂಗಿನಲ್ಲಿ ಸಿಂಬಳ ವೇಗವಾಗಿ ಹರಿಯುವುದನ್ನು ಅಳೆದು ತೋರಿಸಿದರು. 2000ದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಟೀಫನ್ ರೆನಾರ್ಡ್ ತಮ್ಮ ಹೆಂಡತಿಯ ಅಜ್ಜಿಯ ಕೋಳಿ ಸೂಪನ್ನು ಪ್ರಯೋಗಾಲಯಕ್ಕೆ ಒಯ್ದರು. ಉರಿಯೂತದ ಜಾಗಕ್ಕೆ ಧಾವಿಸುವ ಒಂದು ಬಗೆಯ ಬಿಳಿ ರಕ್ತಕಣಗಳ ಓಟವನ್ನು ಅದು ತುಸು ತಡೆಯಿತು. ಗಾಜಿನ ತಟ್ಟೆಯಲ್ಲಿ ಕಂಡದ್ದು ಅದು, ಮನುಷ್ಯರಲ್ಲಲ್ಲ. ಅಜ್ಜಿಯ ಸೂಪಿಗೆ ಅಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದು ಖುಷಿಪಟ್ಟು, ನಮ್ಮ ಕೋಳಿ ಸಾರಿನ ಮೇಲೆ ತೇಲುವ ಎಣ್ಣೆಯನ್ನು ಚಮಚದಿಂದ ತೆಗೆದು, ತಿಳಿಯನ್ನು ಕುಡಿಯಿರಿ.

ಮಾಂಸ ಮುಟ್ಟದವರಿಗೆ ಹುರುಳಿ ಕಟ್ಟಿನ ಸಾರು ಅದೇ ಜಾಗ ತುಂಬುತ್ತದೆ. ಉಳಿದ ಹುರುಳಿಕಾಳನ್ನು ಬಿಸಾಡದೆ ಒಗ್ಗರಣೆ ಹಾಕಿ ತಿನ್ನಿ.

ಗಂಜಿ: ಎಲ್ಲ ಊರಿನ ಉತ್ತರ ಒಂದೇ

'ಲಂಘನಂ ಪರಮೌಷಧಂ' ಎಂದು ಹೇಳಿ ಉಪವಾಸ ಕೆಡಹುವವರಿದ್ದಾರೆ. ಹಸಿವಿಲ್ಲದಿದ್ದರೆ ಒಂದು ಹೊತ್ತು ಬಿಡಿ, ತೊಂದರೆಯಿಲ್ಲ. ಎರಡು ದಿನ ಬಿಟ್ಟರೆ ನೆಗಡಿ ಹೋದ ಮೇಲೂ ಕಾಲು ನಡುಗುತ್ತದೆ. ತಿನ್ನಲು ಮನಸ್ಸಿಲ್ಲದವರಿಗೆಂದೇ ಗಂಜಿ ಇರುವುದು.

ಮಂಗಳೂರು ಕಡೆಯಾದರೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿಯ ಒಂದು ಹೋಳು. ಹಳೆ ಮೈಸೂರಿನಲ್ಲಿ ರಾಗಿ ಗಂಜಿ. ಉತ್ತರ ಕರ್ನಾಟಕದಲ್ಲಿ ಜೋಳದ ನುಚ್ಚು. ಅಲ್ಲಿ ಮಜ್ಜಿಗೆಯ ಬದಲು ಈ ದಿನಗಳಲ್ಲಿ ಬಿಸಿ ಬೇಳೆಕಟ್ಟು ಹಾಕಿಕೊಳ್ಳಬಹುದು. ರಾಗಿ ಗಂಜಿಗೆ ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು, ಹಸಿವಾಸನೆ ಹೋಗಿ ಹೊಳಪು ಬರುವವರೆಗೆ ಏಳೆಂಟು ನಿಮಿಷ ತಿರುವುತ್ತಿರಿ. ಉಪ್ಪು, ಚಿಟಿಕೆ ಜೀರಿಗೆಪುಡಿ ಸಾಕು.

ಗಂಜಿಯಲ್ಲಿ ಪ್ರೋಟೀನ್ ಕಡಿಮೆ. ಹಾಗಾಗಿ ದಿನಕ್ಕೊಮ್ಮೆಯಾದರೂ ಬೇಯಿಸಿದ ಮೊಟ್ಟೆ, ಹೆಸರುಬೇಳೆ ಪೊಂಗಲ್, ಮೀನಿನ ತಿಳಿಸಾರು, ಇಡ್ಲಿ-ಸಾಂಬಾರ್ ಇವುಗಳಲ್ಲಿ ಒಂದಿರಲಿ. ಗಂಟಲು ನೋಯುವಾಗ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿನ್ನಿ. ಚಕ್ಕುಲಿ, ಕೋಡುಬಳೆ, ಗರಿಗರಿ ಟೋಸ್ಟ್ ಗಂಟಲು ಗೀರುತ್ತವೆ, ವಾರ ಕಾಯಲಿ.

ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ನಾಲ್ಕೈದು ಎಲೆ ತುಪ್ಪದಲ್ಲಿ ಬಾಡಿಸಿ, ಮೆಣಸು, ಜೀರಿಗೆ, ತೆಂಗಿನತುರಿಯ ಜೊತೆ ರುಬ್ಬಿ ಚಟ್ನಿ ಮಾಡಿ. ಅದರ ಘಾಟು ಕಟ್ಟಿದ ಮೂಗಿಗೂ ಗೊತ್ತಾಗುತ್ತದೆ.

ರಾತ್ರಿಗೆ ಒಂದು ಚಮಚ ಜೇನು

ಕೆಮ್ಮು ಹೆಚ್ಚುವುದು ಮಲಗಿದ ಮೇಲೆ. ಮಲಗುವ ಅರ್ಧ ಗಂಟೆ ಮೊದಲು ಒಂದು ಚಮಚ ಜೇನುತುಪ್ಪವನ್ನು ಹಾಗೆಯೇ ಚಪ್ಪರಿಸಿ, ಅಥವಾ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಕುಡಿಯಿರಿ. ಮನೆಮದ್ದುಗಳ ಪೈಕಿ ಕೆಮ್ಮಿಗೆ ಅಧ್ಯಯನಗಳ ಬೆಂಬಲ ಚೆನ್ನಾಗಿರುವುದು ಜೇನಿಗೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬೀಜಾಣುಗಳು ಎಳೆಗರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಅಜ್ಜಿ ಕೊಟ್ಟರೂ ಬೇಡ, ಶಾಸ್ತ್ರಕ್ಕೂ ಬೇಡ.

ಅರಿಶಿನದ ಹಾಲು ಇಷ್ಟವಿದ್ದರೆ ಕುಡಿಯಿರಿ. ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ.

ಮೊಸರು, ಹಾಲು, ಬಾಳೆಹಣ್ಣಿನ ಜಗಳ

ಈ ಜಗಳದ ಅರ್ಧ ಮೂಲ ನಮ್ಮ ಭಾಷೆಯಲ್ಲೇ ಇದೆ. ಕಾಯಿಲೆಯ ಹೆಸರೇ ಶೀತ, ಥಂಡಿ. ಹೆಸರಲ್ಲಿ ತಂಪು ಇದ್ದ ಮೇಲೆ ಕಾರಣವೂ ತಂಪೇ ಇರಬೇಕೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೇ ಮೀಸಲಾದ ಘಟಕ ಶುರುವಾಯಿತು. ಅಲ್ಲಿ ಸ್ವಯಂಸೇವಕರನ್ನು ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಜಾಗದಲ್ಲಿ ನಿಲ್ಲಿಸಿ ನೋಡಿದರು. ಅವರಿಗೇ ಹೆಚ್ಚು ನೆಗಡಿ ಬರಲಿಲ್ಲ. ಇಂಗ್ಲಿಷರ ಭಾಷೆಯಲ್ಲೂ ಈ ಕಾಯಿಲೆಯ ಹೆಸರು ತಣ್ಣಗಿನದೇ ಎಂಬುದು ಬೇರೆ ಮಾತು.

ಹಾಲಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದ, 1990ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 60 ಮಂದಿಗೆ ರೈನೋವೈರಸ್ ತಗಲಿಸಿ, ಅವರು ಕುಡಿದ ಹಾಲಿನ ಲೆಕ್ಕವಿಟ್ಟು, ಮೂಗು ಒರೆಸಿದ ಕಾಗದಗಳನ್ನು ತೂಗಿದರು. ಯಾರು ತೂಗಿದರೋ, ಪುಣ್ಯಾತ್ಮರು! ಹಾಲಿಗೂ ಸಿಂಬಳದ ತೂಕಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಎಂಜಲಿನ ಜೊತೆ ಬೆರೆತಾಗ ಗಂಟಲಲ್ಲಿ ಸ್ವಲ್ಪ ಹೊತ್ತು ಅಂಟಿದಂತಾಗುತ್ತದೆ, ಅದನ್ನೇ ನಾವು ಕಫ ಎಂದುಕೊಳ್ಳುತ್ತೇವೆ. ಆ ಅಂಟು ಹಿಡಿಸದಿದ್ದರೆ ಬಿಡಿ, ಹಿಡಿಸಿದರೆ ಕುಡಿಯಿರಿ.

ಮೊಸರಿಗೂ ಬಾಳೆಹಣ್ಣಿಗೂ ನನ್ನದು ಇದೇ ನಿಯಮ. ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, ಕೆಲವರಿಗೆ ಅದರಿಂದ ಕೆಮ್ಮು ಕೆರಳುತ್ತದೆ. ಕೋಣೆಯ ತಾಪಕ್ಕೆ ಬಂದ ಮೊಸರನ್ನು ಮಧ್ಯಾಹ್ನದ ಅನ್ನಕ್ಕೆ ಕಲಸಿಕೊಂಡರೆ ಆಕಾಶ ಬೀಳುವುದಿಲ್ಲ. ಮನೆಯ ಹಿರಿಯರಿಗೆ ಬೇಸರವಾಗುವುದಾದರೆ ವಾರ ಬಿಟ್ಟರೂ ನಷ್ಟವೇನಿಲ್ಲ.

ಹಣ್ಣಿನಲ್ಲಿ ಸೀಬೆ, ಮೂಸಂಬಿ, ಕಿತ್ತಳೆ, ನೆಲ್ಲಿಕಾಯಿ ಚಟ್ನಿ ಎಲ್ಲ ಒಳ್ಳೆಯವು. ವಿಟಮಿನ್ ಸಿ ಮಾತ್ರೆಯಿಂದ ಪವಾಡ ಕಾಯಬೇಡಿ. ವರ್ಷವಿಡೀ ದಿನವೂ ತೆಗೆದುಕೊಳ್ಳುವ ವಯಸ್ಕರಲ್ಲಿ ನೆಗಡಿಯ ಅವಧಿ ಶೇ 8ರಷ್ಟು ತಗ್ಗುತ್ತದೆ, ಅಂದರೆ ವಾರದಲ್ಲಿ ಅರ್ಧ ದಿನ. ನೆಗಡಿ ಬಂದ ಮೇಲೆ ಶುರುಮಾಡಿದರೆ ಅಷ್ಟೂ ಖಚಿತವಿಲ್ಲ.

ಬಾಟಲಿ ಮತ್ತು ಮಾತ್ರೆ

ಕೊಡಗಿನಿಂದ ಚಿಕ್ಕಮಗಳೂರಿನವರೆಗೆ 'ಎರಡು ಚಮಚ ಬ್ರಾಂದಿ, ಮೆಣಸಿನಪುಡಿ, ಬಿಸಿನೀರು' ಎಂಬ ಮದ್ದು ಹೇಳುವವರಿಗೆ ಕೊರತೆಯಿಲ್ಲ. ಬೆಚ್ಚಗೆನಿಸುವುದು ನಿಜ, ಆದರೆ ಮದ್ಯ ನಿದ್ದೆಯ ಗುಣ ಕೆಡಿಸುತ್ತದೆ. ಅಪಾಯವಿರುವುದು ನೆಗಡಿಯ ಮಾತ್ರೆಯೂ ಜೊತೆಗೆ ಹೊಟ್ಟೆ ಸೇರಿದಾಗ. ಆ ಮಾತ್ರೆಗಳಲ್ಲಿ ಮಂಪರು ತರುವ ಔಷಧವಿರುತ್ತದೆ, ಹಲವುಗಳಲ್ಲಿ ಪ್ಯಾರಸಿಟಮಾಲೂ ಇರುತ್ತದೆ. ಮದ್ಯದ ಜೊತೆ ಮೊದಲನೆಯದು ಮಂಪರನ್ನು ಏರಿಸುತ್ತದೆ, ಎರಡನೆಯದು ಲಿವರಿಗೆ ಹೊರೆ. ಅಂಗಡಿಯಲ್ಲಿ ನೆಗಡಿಗೊಂದು, ಜ್ವರಕ್ಕೊಂದು ಎಂದು ಕೊಂಡರೆ ಎರಡರಲ್ಲೂ ಪ್ಯಾರಸಿಟಮಾಲ್ ಇರಬಹುದು. ಹಿಂಬದಿಯ ಸಣ್ಣ ಅಕ್ಷರ ಓದಿಯೇ ನುಂಗಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ.

ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ನೀವೇ ಆರಿಸಬೇಡಿ. ಕ್ಲೋರ್‌ಫೆನಿರಮಿನ್, ಫೀನೈಲೆಫ್ರಿನ್ ಎರಡೂ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ. ಹಾಲೂಡುವ ಕೂಸಿಗೆ ಮೂಗು ಕಟ್ಟಿದಾಗ ಒಂದೇ ಸಲಕ್ಕೆ ಹೆಚ್ಚು ಕುಡಿಯಲಾಗದು, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವುದೂ ಬೇಡ, ನೀರು ಚೆಲ್ಲಿ ಸುಟ್ಟುಕೊಂಡರೆ ನೆಗಡಿ ಮರೆತೇ ಹೋಗುತ್ತದೆ.

ಸಕ್ಕರೆ ಕಾಯಿಲೆಯವರು ಕಷಾಯದ ಬೆಲ್ಲ, ಜೇನು, ಗಂಜಿ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಲ್ಲ 'ನೈಸರ್ಗಿಕ'ವಾದರೂ ರಕ್ತಕ್ಕೆ ಸಕ್ಕರೆಯೇ. ಕಾಯಿಲೆ ಬಿದ್ದ ದಿನಗಳಲ್ಲಿ ಸಕ್ಕರೆ ಮಟ್ಟ ತಾನಾಗಿಯೇ ಏರುವುದುಂಟು, ಆದ್ದರಿಂದ ಹೆಚ್ಚು ಸಲ ಪರೀಕ್ಷಿಸಿ. ಸರಿಯಾಗಿ ತಿಂದಿಲ್ಲವೆಂದು ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಫೋನ್ ಮಾಡಿ.

ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳಿವೆ: ಉಸಿರಾಟಕ್ಕೆ ಕಷ್ಟ, ಎದೆನೋವು, ಮೂರು ದಿನ ದಾಟಿದ ಜ್ವರ, ಸ್ವಲ್ಪ ವಾಸಿಯಾಗಿ ಮತ್ತೆ ಏರಿದ ಜ್ವರ, ನೀರೂ ಒಳಗೆ ನಿಲ್ಲದ ವಾಂತಿ. ಮಗುವಾದರೆ ಉಸಿರೆಳೆಯುವಾಗ ಪಕ್ಕೆ ಒಳಸರಿಯುವುದು, ಹಾಲು ಕುಡಿಯದಿರುವುದು. ಮಳೆಗಾಲದಲ್ಲಿ ಮೂಗು ಸೋರದೆ ಬರೀ ಜೋರು ಜ್ವರ, ಮೈಕೈ ನೋವು ಬಂದರೆ ಅದನ್ನು ನೆಗಡಿ ಎನ್ನುತ್ತ ಕೂರಬೇಡಿ, ಡೆಂಗಿ ಇರಬಹುದು.

ಐದನೇ ದಿನದಿಂದ

ಒಂದು ಬೆಳಗ್ಗೆ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಗಂಜಿ ನಿಲ್ಲಿಸುವ ದಿನ ಅದೇ. ಮೊದಲು ಅನ್ನ-ತೊವ್ವೆ, ಪಲ್ಯ. ಮಾರನೆಯ ದಿನ ಮುದ್ದೆ ಅಥವಾ ರೊಟ್ಟಿ, ಸೊಪ್ಪಿನ ಸಾರು, ಮೊಟ್ಟೆ. ಹಸಿವು ಒಮ್ಮೆಲೇ ಬರುತ್ತದೆ, ಆದರೆ ವಾರವಿಡೀ ಸಪ್ಪೆ ತಿಂದ ಹೊಟ್ಟೆಗೆ ಬಿರಿಯಾನಿಯನ್ನೋ ಬೋಂಡವನ್ನೋ ಮೊದಲ ದಿನವೇ ಇಳಿಸಬೇಡಿ.

ಕೆಮ್ಮು ಮಾತ್ರ ತಟ್ಟನೆ ಹೋಗದು. ಎರಡು, ಮೂರು ವಾರ ಹಿಂದೆಯೇ ಬರುತ್ತದೆ. ಅಷ್ಟು ದಿನವೂ ಫ್ಲಾಸ್ಕ್ ಹಾಸಿಗೆಯ ಪಕ್ಕದಲ್ಲೇ ಇರಲಿ, ರಾತ್ರಿಯ ಜೇನು ಮುಂದುವರಿಯಲಿ. ಉಳಿದ ಕಷಾಯದ ಪುಡಿಯನ್ನು ಒಣ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ, ಒದ್ದೆ ಚಮಚ ತಾಗಿಸಬೇಡಿ. ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಬರುವುದು ಮಾಮೂಲು. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಡಬ್ಬಿ ಇನ್ನೂ ಬೇಗ ಖಾಲಿಯಾಗುತ್ತದೆ.